ಬಣ್ಣ ನೋಡಿ ಬೆಲ್ಲ ಕೊಂಡೆ
ಪುಣೆಯ ಒಂದು ಸಾವಯವ ಅಂಗಡಿಗೆ ಬೇಳೆ, ಬೆಲ್ಲ ಖರೀದಿಸುವುದು ನನ್ನ ಕೆಲಸ. ಹುಟ್ಟಿದ್ದು ಮಹಾಲಿಂಗಪುರದ ಕಡೆ. ಬೆಲ್ಲದ ಪೇಟೆಯ ವಾಸನೆಯಲ್ಲೇ ಬೆಳೆದವನು. ಬೆಲ್ಲದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಸೊಕ್ಕಿತ್ತು.

ಮೊದಲ ವರ್ಷ ದೌಂಡ್ ಕಡೆಯ ಇಬ್ಬರು ಸಣ್ಣ ರೈತರು ಮಾದರಿ ತಂದರು. ಒಬ್ಬರದು ಕಾಫಿಪುಡಿಯಂಥ ಬಣ್ಣ, ಇನ್ನೊಬ್ಬರದು ಜೇನಿನ ಬಣ್ಣ. ಹೊಳೆಯುವ ಬೆಲ್ಲವೆಂದರೆ ಹೈಡ್ರೋಸ್ ಎಂಬ ಬಣ್ಣ ತಿಳಿಮಾಡುವ ರಾಸಾಯನಿಕ ಹಾಕಿದ್ದು ಎಂದು ಅವರಿಗೇ ಪಾಠ ಹೇಳಿ, ಜೇನುಬಣ್ಣದವರನ್ನು ವಾಪಸು ಕಳಿಸಿದೆ; ಕಪ್ಪು ಬಣ್ಣದ್ದನ್ನು ಕೊಂಡೆ. ಜೇನುಬಣ್ಣದವರು ವಾದಿಸಲಿಲ್ಲ. 'ಒಮ್ಮೆ ಗುರ್‍ಹಾಳಕ್ಕೆ ಬನ್ನಿ' ಎಂದಷ್ಟೇ ಹೇಳಿ ಬೆಲ್ಲದ ಪೆಂಟೆಯನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಹೋದರು. ಗುರ್‍ಹಾಳವೆಂದರೆ ನಮ್ಮ ಆಲೆಮನೆ.

ಮಳೆಗಾಲದಲ್ಲಿ ಕಪ್ಪು ಬೆಲ್ಲ ಬೆವರಿ ಡಬ್ಬಿಯ ತಳಕ್ಕೆ ಅಂಟಿತು. ಅದನ್ನು ಕೊಟ್ಟ ರೈತರನ್ನು ಕೇಳಿದರೆ ಮುಚ್ಚುಮರೆ ಇಲ್ಲ: 'ಕುದಿಸುವಾಗ ಏನೂ ಹಾಕುವುದಿಲ್ಲ. ಹೊಲಕ್ಕೆ ಯೂರಿಯಾ ಹಾಕದೆ ಕಬ್ಬು ಬರುತ್ತದೆಯೇ?' ನಿಜ, ಅವರು ಹೇಳಿದ್ದು ಸಾಂಪ್ರದಾಯಿಕ ಬೆಲ್ಲ ಎಂದು. ಚೀಟಿಯ ಮೇಲೆ 'ಸಾವಯವ' ಎಂದು ಬರೆದವನು ನಾನು. ಸಾರಜನಕ ಅತಿಯಾದ ಕಬ್ಬಿನ ಬೆಲ್ಲ ಕಪ್ಪಾಗುತ್ತದೆ, ಗಟ್ಟಿಯಾಗಿ ನಿಲ್ಲುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಚಳಿಗಾಲದಲ್ಲಿ ಜೇನುಬಣ್ಣದವರ ಗುರ್‍ಹಾಳಕ್ಕೆ ಹೋದೆ. ಜಜ್ಜಿದ ಬೆಂಡೆಗಿಡದ ಲೋಳೆಯನ್ನು ಕೊಪ್ಪರಿಗೆಗೆ ಸುರಿದರು. ಹಸಿರುಗಪ್ಪು ಮಡ್ಡಿ ಮೇಲೆದ್ದಂತೆಲ್ಲ ಜಾಲರಿ ಸಟ್ಟುಗದಿಂದ ತೆಗೆದರು. ಮತ್ತೆ ಬಂತು, ಮತ್ತೆ ತೆಗೆದರು. ಬೇಸರವಿಲ್ಲದ ಆ ಕೈಯಿಂದಲೇ ಬೆಲ್ಲಕ್ಕೆ ಆ ಬಣ್ಣ ಬಂದಿತ್ತು. ಪಾಕ ಸುಮಾರು 118 ಡಿಗ್ರಿಗೆ ಬರುವ ಹೊತ್ತಿಗೆ ಉಷ್ಣಮಾಪಕ ಯಾರ ಕೈಯಲ್ಲೂ ಇರಲಿಲ್ಲ; ತಣ್ಣೀರಿಗೆ ಬಿಟ್ಟ ಹನಿಯನ್ನು ಉಂಡೆ ಮಾಡಿ ತಂಬಿಗೆಗೆ ಬಡಿದರು, ಟಣ್ ಎಂದಿತು.

ಹೊಲದಲ್ಲಿ ರವದಿಯನ್ನು, ಅಂದರೆ ಕಬ್ಬಿನ ಒಣ ಗರಿಯನ್ನು, ಸುಡದೆ ಸಾಲಿಗೆ ಹೊದಿಸಿದ್ದರು. ಪಿಜಿಎಸ್ ಎಂಬ ಸಾವಯವ ಪ್ರಮಾಣಪತ್ರವೂ ಇತ್ತು. ಆ ಪದ್ಧತಿಯಲ್ಲಿ ಗುಂಪಿನ ರೈತರೇ ಪರಸ್ಪರರ ಹೊಲ ಪರಿಶೀಲಿಸುತ್ತಾರೆ. ಪ್ರಮಾಣಪತ್ರ ಸಿಗುವವರೆಗಿನ ವರ್ಷಗಳೇ ಕಷ್ಟದವು ಎಂದರು: ಇಳುವರಿ ಇಳಿದಿರುತ್ತದೆ, ಬೆಲೆ ಮಾತ್ರ ಸಾಮಾನ್ಯ ಬೆಲ್ಲದ್ದೇ. ಒಂದು ಟನ್ ಕಬ್ಬಿಗೆ ಸಿಗುವುದೇ ನೂರು ಕಿಲೋ ಆಸುಪಾಸು ಬೆಲ್ಲ.

ನಾನು ಈಗ ಮೊದಲು ಹೊಲದ ಕಾಗದ ಕೇಳುತ್ತೇನೆ, ಕೊಪ್ಪರಿಗೆಯ ಮಾತು ಆಮೇಲೆ. ಜೇನುಬಣ್ಣದ ಬೆಲ್ಲ ನಮ್ಮಲ್ಲಿಗೇ ಬರುತ್ತದೆ; ಮೊದಲ ಸಲ ಅವರು ಹೇಳಿದ್ದ ದರಕ್ಕಲ್ಲ.