ತಟ್ಟೆ ಹಿಡಿದು ನಿಂತ ಸಾಲು

ಎರಡನೇ ಬಿಎಯಲ್ಲಿದ್ದಾಗ ನಮ್ಮ ಕನ್ನಡ ಮೇಷ್ಟ್ರು ಐದು ಜನರನ್ನು ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಕಳಿಸಿದರು. ತೊಂಬತ್ತರ ದಶಕದ ಕೊನೆ, ಅಕ್ಟೋಬರ್ ತಿಂಗಳು. ನಿಜ ಹೇಳ್ತೀನಿ, ನಾನು ಹೊರಟಿದ್ದು ವಿಚಾರ ಕೇಳಲು ಅಲ್ಲ. ಒಂದು ವಾರ ಕ್ಲಾಸು ತಪ್ಪುತ್ತದಲ್ಲ, ಅದಕ್ಕೆ.

ಸಾಗರದಲ್ಲಿ ಬಸ್ ಬದಲಿಸಿ ಇಳಿದರೆ ಸುತ್ತ ಅಡಿಕೆ ತೋಟ. ಇಂಥ ಹಳ್ಳಿಯಲ್ಲಿ 1949ರಲ್ಲೇ ನೀನಾಸಂ ಅನ್ನುವ ಈ ನಾಟಕದ ಸಂಘ ಕಟ್ಟಿದ್ದರು. ಅದನ್ನು ಕಟ್ಟಿದವರಲ್ಲೊಬ್ಬರಾದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದನ್ನು ಜಿಕೆ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದೆ. ಅದು ಈ ಊರಿನ ಕೆಲಸಕ್ಕೆ ಅಂತ ತಲೆಗೆ ಹೋಗಿದ್ದು ಅಲ್ಲಿ ಕಾಲಿಟ್ಟ ಮೇಲೆಯೇ.

ಹಗಲು ಉಪನ್ಯಾಸ, ಚರ್ಚೆ. ಸತ್ಯ ಅಂದರೇನು, ಸಮುದಾಯ ಅಂದರೇನು, ಹೀಗೆ. ಊಟದ ನಂತರದ ಗೋಷ್ಠಿಗಳಲ್ಲಿ ನಾನು ತೂಕಡಿಸಿದ್ದೇ ಜಾಸ್ತಿ. ಅನ್ನ, ಮಜ್ಜಿಗೆಹುಳಿ ಹೊಡೆದು ಬಂದವನ ಮುಂದೆ ತತ್ವಶಾಸ್ತ್ರ ಇಡಬಾರದು ಅನ್ನುವ ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ. ರಾತ್ರಿ ಶಿವರಾಮ ಕಾರಂತ ರಂಗಮಂದಿರದಲ್ಲಿ ನಾಟಕ. ನೀನಾಸಂನ ಸಂಚಾರಿ ತಂಡವಾದ ತಿರುಗಾಟದ ನಾಟಕಗಳು ಊರೂರಿಗೆ ಹೊರಡುವ ಮೊದಲು ಶಿಬಿರದವರಿಗೇ ಸಿಗುತ್ತಿದ್ದವು. ಮರುದಿನ ಆ ನಾಟಕದ ಮೇಲೇ ಮಾತು. ಹೊಗಳಿಕೆಗಿಂತ ತಕರಾರೇ ಹೆಚ್ಚು.

ನನಗೆ ಪೆಟ್ಟು ಬಿದ್ದಿದ್ದು ಮಾತ್ರ ತಿಂಡಿಯ ಸಾಲಿನಲ್ಲಿ. ಮುಂದೆ ನಿಂತಿದ್ದ ಹಿರಿಯರೊಬ್ಬರು, ಹೆಗಲ ಮೇಲೆ ಟವೆಲ್ಲು, ತಟ್ಟೆ ಒರೆಸುತ್ತಾ ಕೇಳಿದರು, "ನಿನ್ನೆ ನಾಟಕ ಹೆಂಗಿತ್ತು, ತಮಾ?"

"ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂದ್ರೆ ಎಂತ?"

ಬಾಯಿ ಕಟ್ಟಿತು. ಅವರೇ ಶುರು ಮಾಡಿದರು. ರಾಜನ ಪಾತ್ರದವನು ಸಿಟ್ಟು ಬಂದಾಗಲೆಲ್ಲ ಕೂಗುತ್ತಾನೆ, ನಿಜವಾದ ಸಿಟ್ಟಿಗೆ ದನಿ ಇಳಿಯುತ್ತದೆ, ಹೌದೋ ಅಲ್ಲವೋ? ಹಿಂದಿದ್ದ ಹುಡುಗಿಯೊಬ್ಬಳು ಒಪ್ಪಲಿಲ್ಲ. ಅವಲಕ್ಕಿ ಬಡಿಸುವವರು ಸೌಟು ಎತ್ತಿ ಹಿಡಿದೇ ತಮ್ಮದೂ ಒಂದು ಮಾತು ಸೇರಿಸಿದರು. ಸಾಲು ನಿಂತೇ ಹೋಯಿತು. ಆ ಹಿರಿಯರು ಪ್ರೊಫೆಸರೇ ಇರಬೇಕು ಅಂದುಕೊಂಡೆ. ವಿಚಾರಿಸಿದರೆ ಪಕ್ಕದ ಊರಿನ ತೋಟದವರು, ಏಳನೇ ಕ್ಲಾಸು.

ವಾಪಸ್ ಬಂದ ಮೇಲೆ ನಮಗೂ ಹುಚ್ಚು ಹಿಡಿಯಿತು. ಶುಕ್ರವಾರ ಸಂಜೆ ಸೈಕಲ್ ಸ್ಟ್ಯಾಂಡಿನ ಹಿಂದೆ ಸೇರುತ್ತಿದ್ದೆವು. ತಲೆಗೆ ಎರಡು ರೂಪಾಯಿ, ಖಾರ ಮಂಡಕ್ಕಿ. ಒಬ್ಬರು ನಾಟಕ ಓದುವುದು, ಉಳಿದವರು ಜಗಳ ತೆಗೆಯುವುದು. "ಚೆನ್ನಾಗಿದೆ" ಅಂದವರಿಗೆ ಮಂಡಕ್ಕಿ ಇಲ್ಲ.

ಮೂರನೇ ವಾರ ಕಾಲೇಜಿನ ವಾಚ್‌ಮನ್ ಬಂದು ಕೂತರು. ಹಿಂದೆ ಯಕ್ಷಗಾನ ಮೇಳದಲ್ಲಿ ವೇಷ ಮಾಡಿದ್ದವರು ಅಂತ ನಮಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ. ಕರ್ಣನ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳಿ ಅಂದರೆ ಬೇಡ ಬೇಡ ಅಂದರು. ಮಂಡಕ್ಕಿ ಮುಗಿಸಿ, ಪೊಟ್ಟಣದ ಕಾಗದ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಎದ್ದು ನಿಂತರು. ಸಿಟ್ಟಿನ ಮಾತು ಬಂದಾಗ ಅವರ ದನಿ ಇಳಿಯಿತು. ನಾವು ಐವರೂ ಮುಖ ಮುಖ ನೋಡಿಕೊಂಡೆವು. ಆ ರಾತ್ರಿ ಕಾಲೇಜಿನ ಗೇಟಿಗೆ ಬೀಗ ಹಾಕಲು ಅವರಿಗೆ ಮರೆತೇಹೋಯಿತು.