ಸೊನ್ನೆ ದಿನದ ಎರಡನೇ ರಾತ್ರಿ

ನಿದ್ದೆ ಬಂತು. ಉಪವಾಸ ಮಾಡಿ, ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನೂ ಇಲ್ಲದ ರಾತ್ರಿ, ಹನ್ನೊಂದಕ್ಕೆ ಮಲಗಿದವನು ಬೆಳಗಿನ ಜಾವದವರೆಗೆ ಏಳಲಿಲ್ಲ. ಒಂದೇ ಸಲ ಹಾಗಾಗಿದ್ದರೆ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಕೆಲವು ವಾರಗಳಿಂದ ಹೀಗೇ ನಡೆಯುತ್ತಿದೆ, ಅದಕ್ಕೇ ಈ ವರದಿ.

ಮಾಮೂಲಿ ವಿಷಯಗಳನ್ನು ಬೇಗ ಮುಗಿಸುತ್ತೇನೆ. ಕ್ರಮ ಹಳೆಯದೇ. ದಿನ ಬಿಟ್ಟು ದಿನ ಸೊನ್ನೆ, ಅಂದರೆ ಪೂರ್ತಿ ಉಪವಾಸ. ರಾತ್ರಿ ಊಟ, ಮರುದಿನ ಪೂರ್ತಿ ನೀರು ಮತ್ತು ಕಪ್ಪು ಕಾಫಿ, ಅದರ ಮರುದಿನ ಬೆಳಗ್ಗೆ ತಿಂಡಿ. ಸುಮಾರು 36 ಗಂಟೆ ಖಾಲಿ, ಆಮೇಲೆ 12 ಗಂಟೆ ಬೇಕಾದ್ದು ತಿನ್ನಬಹುದು. ಆಸ್ಟ್ರಿಯಾದ ಗ್ರಾಜ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಇದೇ ಲೆಕ್ಕ. ತೂಕ ಇಳಿಯುತ್ತಿದೆ, ಬೆಲ್ಟಿಗೆ ಹೊಸ ತೂತು ಬಿದ್ದಿದೆ. ಶುರುವಿನಲ್ಲಿ ಸರಸರ ಇಳಿದದ್ದರಲ್ಲಿ ನೀರೇ ಜಾಸ್ತಿ ಅನ್ನೋದು ನಿಮಗೆ ಗೊತ್ತೇ ಇದೆ. ಯಕೃತ್ತು ಕೂಡಿಟ್ಟ ಸಕ್ಕರೆ, ಅಂದರೆ ಸುಮಾರು 100 ಗ್ರಾಂ ಗ್ಲೈಕೋಜನ್ ಹೋಗುವಾಗ ಅದರ ಮೂರು ಪಟ್ಟು ನೀರನ್ನೂ ಕರೆದುಕೊಂಡೇ ಹೋಗುತ್ತದೆ.

ಹಸಿವು? ಅದೊಂದು ಸಮಸ್ಯೆಯಾಗಿ ಉಳಿದಿಲ್ಲ. ಹಸಿವು ಹುಟ್ಟಿಸುವ ಘ್ರೆಲಿನ್ ಗಡಿಯಾರ ನೋಡಿಕೊಂಡು ಬರುವ ಹಾರ್ಮೋನು. ಊಟದ ಹೊತ್ತಿಗೆ ಏರುತ್ತದೆ, ಏನೂ ಹಾಕದಿದ್ದರೂ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. 2005ರಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ 22 ದಿನ ಹೀಗೆ ದಿನ ಬಿಟ್ಟು ದಿನ ಉಪವಾಸ ಮಾಡಿದವರು, ಸೊನ್ನೆ ದಿನದ ಹಸಿವು ಕೊನೆಯವರೆಗೂ ಕಡಿಮೆಯಾಗಲಿಲ್ಲ ಅಂದರು. ಅದನ್ನು ನಾನು ನಂಬುತ್ತೇನೆ. ನನಗೂ ಹಸಿವು ಕಡಿಮೆಯಾಗಿಲ್ಲ, ಅದರ ಮಾತಿಗೆ ಬೆಲೆ ಕೊಡುವುದು ಕಡಿಮೆಯಾಗಿದೆ, ಅಷ್ಟೇ.

ನಿಜವಾದ ಸಮಸ್ಯೆಯಾಗಿದ್ದು ಎರಡನೇ ರಾತ್ರಿ. ಮೊದಲನೇ ರಾತ್ರಿ ಊಟ ಮಾಡಿ ಮಲಗುತ್ತೇವೆ, ಅದು ಲೆಕ್ಕಕ್ಕೇ ಇಲ್ಲ. ಸೊನ್ನೆ ದಿನ ಮುಗಿದು ಬರುವ ರಾತ್ರಿ, ಅಂದರೆ 26ನೇ ಗಂಟೆಯಿಂದ ಆಚೆಗೆ, ಬೇರೆಯೇ ಪ್ರಾಣಿ. ದೇಹ ಸುಸ್ತಾಗಿರುತ್ತದೆ, ತಲೆ ಮಾತ್ರ ಆಗತಾನೇ ಎದ್ದ ಹಾಗೆ ಚುರುಕು. ದಿಂಬಿಗೆ ಕಿವಿ ಇಟ್ಟರೆ ಎದೆಬಡಿತ ಕೇಳಿಸುತ್ತದೆ. ಒಂದು ಗಂಟೆಯಾಯಿತು, ಎರಡಾಯಿತು. ಕಪಾಟು ಜೋಡಿಸೋಣ, ಹಳೇ ಮಿಂಚಂಚೆಗಳಿಗೆಲ್ಲ ಉತ್ತರ ಬರೆಯೋಣ ಅನ್ನಿಸುವಷ್ಟು ಹುರುಪು. ಮಾರನೇ ದಿನ ತಿಂಡಿಯ ತಟ್ಟೆಯ ಮುಂದೆ ತೂಕಡಿಕೆ.

ಇದಕ್ಕೆ ಸುಲಭದ ಮದ್ದು ಇದೆ: ಸಂಜೆ 500 ಕ್ಯಾಲರಿ ತಿಂದುಬಿಡುವುದು. ದಿನ ಬಿಟ್ಟು ದಿನದ ಉಪವಾಸ ಅಂತ ಸಂಶೋಧನೆಗಳಲ್ಲಿ ಕಾಣುವ ಎಷ್ಟೋ ಪ್ರಯೋಗಗಳಲ್ಲಿ ನಿಜಕ್ಕೂ ನಡೆದದ್ದು ಈ ಕಾಲು ಊಟದ ಪದ್ಧತಿಯೇ. 2017ರಲ್ಲಿ ಬಂದ ಶಿಕಾಗೋದ ಒಂದು ವರ್ಷದ ಪ್ರಯೋಗದಲ್ಲೂ ಉಪವಾಸದ ದಿನ 25 ಶೇಕಡಾ ಕ್ಯಾಲರಿಗೆ ಅವಕಾಶ ಇತ್ತು. ಆದರೂ ಆ ಗುಂಪಿನಲ್ಲಿ 38 ಶೇಕಡಾ ಜನ ನಡುವೆಯೇ ಬಿಟ್ಟುಹೋದರು. ದಿನಾಲೂ ಸ್ವಲ್ಪ ಕಡಿಮೆ ತಿನ್ನುವ ಗುಂಪಿನಲ್ಲಿ ಬಿಟ್ಟವರು 29 ಶೇಕಡಾ. ಎರಡೂ ಗುಂಪುಗಳ ನಡುವೆ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೂ ಬರಲಿಲ್ಲ. ನನ್ನ ಮಟ್ಟಿಗೆ ಕಾಲು ಊಟ ಅಂದರೆ ಮಲಗಿದ ನಾಯಿಯನ್ನು ಕಡ್ಡಿಯಿಂದ ತಿವಿದ ಹಾಗೆ. ಸೊನ್ನೆ ಅಂದಮೇಲೆ ಸೊನ್ನೆ, ಚೌಕಾಸಿ ಬೇಡ.

ಮೊದಲ ಅನುಮಾನ ಸಕ್ಕರೆಯ ಮೇಲೆ ಬಿತ್ತು. ರಾತ್ರಿ ರಕ್ತದ ಸಕ್ಕರೆ ಬಿದ್ದು ದೇಹ ಎಬ್ಬಿಸುತ್ತಿದೆ ಅನ್ನೋ ವಾದ ಎಲ್ಲರೂ ಹೇಳುವಂಥದ್ದು. ತೋಳಿಗೆ ಸಿಜಿಎಂ, ಅಂದರೆ ಸಕ್ಕರೆಯನ್ನು ಸತತವಾಗಿ ಅಳೆಯುವ ಸೆನ್ಸಾರ್, ಅಂಟಿಸಿದೆ. ಮೊದಲು ಬಂದ ಸೆನ್ಸಾರಿನ ಗೋಂದು ಎರಡನೇ ಸ್ನಾನಕ್ಕೇ ಅಂಚು ಬಿಟ್ಟಿತು. ಮಾರಿದವರನ್ನು ಕೇಳಿದರೆ "ಚರ್ಮ ಒಣಗಿಸಿ ಹಚ್ಚಿದ್ರಾ" ಅಂತ ಮರುಪ್ರಶ್ನೆ. ಹೂಂ, ಒಣಗಿಸಿ, ಸ್ಪಿರಿಟ್‌ನಲ್ಲಿ ಒರೆಸಿ, ಮತ್ತೆ ಒಣಗಿಸಿ. ಬದಲಿ ಸೆನ್ಸಾರ್ ಬರುವ ಹೊತ್ತಿಗೆ ನನ್ನ ಉತ್ಸಾಹದ ಅವಧಿಯೇ ಮುಗಿಯುವುದರಲ್ಲಿತ್ತು.

ಅದು ಕೆಲಸ ಶುರುಮಾಡಿದ ರಾತ್ರಿಯೇ ಎರಡೂವರೆಗೆ ಕಿರುಚಿಕೊಂಡಿತು. ಪರದೆಯ ಮೇಲೆ 51. ಗಾಬರಿಯಿಂದ ಬೆರಳು ಚುಚ್ಚಿ ನೋಡಿದರೆ 68. ಅಷ್ಟು ಹೊತ್ತು ಉಪವಾಸ ಇದ್ದು, ಮಧುಮೇಹ ಇಲ್ಲದ, ಯಾವ ಮಾತ್ರೆಯೂ ನುಂಗದ ದೇಹಕ್ಕೆ 68 ಅಂಥ ದೊಡ್ಡ ಸುದ್ದಿಯಲ್ಲ. ಆ ಹೊತ್ತಿಗೆ ಕೀಟೋನ್‌ಗಳು, ಅಂದರೆ ದೇಹ ಕೊಬ್ಬಿನಿಂದ ಮಾಡಿಕೊಳ್ಳುವ ಇಂಧನ, ಎದ್ದುನಿಂತಿರುತ್ತವೆ. ದೀರ್ಘ ಉಪವಾಸದಲ್ಲಿ ಮೆದುಳು ತನ್ನ ಇಂಧನದ ದೊಡ್ಡ ಪಾಲನ್ನು ಕೀಟೋನ್‌ಗಳಿಂದಲೇ ಪಡೆಯುತ್ತದೆ ಅಂತ ಬಾಸ್ಟನ್‌ನ ಜಾರ್ಜ್ ಕಾಹಿಲ್ ಅವರ ತಂಡ 1967ರಲ್ಲೇ ತೋರಿಸಿಕೊಟ್ಟಿದೆ. ಹಾಗಾದರೆ 51 ಎಲ್ಲಿಂದ ಬಂತು? ಗ್ರಾಫ್ ನೋಡಿದರೆ ಕತೆ ಗೊತ್ತಾಗುತ್ತದೆ. ನಿಜವಾದ ಇಳಿತ ಇಳಿಜಾರಿನ ಹಾಗಿರುತ್ತದೆ. ಇದು ಬಾವಿಯ ಗೋಡೆಯ ಹಾಗೆ ನೆಟ್ಟಗೆ ಬಿದ್ದು, ನಾನು ಎದ್ದು ಕೂತ ಸ್ವಲ್ಪ ಹೊತ್ತಿಗೆ ನೆಟ್ಟಗೆ ಮೇಲೆದ್ದಿದೆ. ಸೆನ್ಸಾರ್ ಇದ್ದ ತೋಳಿನ ಮೇಲೇ ಮಲಗಿದ್ದೆ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಮೈಭಾರಕ್ಕೆ ಆ ಜಾಗದ ಹರಿವು ಕಟ್ಟಿದರೆ ಅಂಕಿ ಸುಳ್ಳು ಹೇಳುತ್ತದೆ. ಅಂದರೆ ನಿದ್ದೆಗೆಡಿಸುವವರು ಯಾರು ಅಂತ ಹಿಡಿಯಲು ಇಟ್ಟ ಕಾವಲುಗಾರನೇ ನನ್ನನ್ನು ಎಬ್ಬಿಸುತ್ತಿದ್ದ. ಸೆನ್ಸಾರ್ ಇನ್ನೊಂದು ತೋಳಿಗೆ ಹೋಯಿತು, ಎಚ್ಚರಿಕೆಗಳು ನಿಂತವು, ರಾತ್ರಿಯಿಡೀ ಗೆರೆ 65ರಿಂದ 75ರ ನಡುವೆ ತಣ್ಣಗೆ ಮಲಗಿತು. ನಾನು ಮಲಗಲಿಲ್ಲ. ಸಕ್ಕರೆ ನಿರಪರಾಧಿ.

ಮುಂದಿನ ಅನುಮಾನ ಉಪ್ಪು. ಇನ್ಸುಲಿನ್ ಇಳಿದರೆ ಮೂತ್ರಪಿಂಡ ಸೋಡಿಯಂ ಅನ್ನು ಧಾರಾಳವಾಗಿ ಹೊರಗೆ ಬಿಡುತ್ತದೆ. ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ, ಸಂಜೆ ತಲೆನೋವು, ರಾತ್ರಿ ಎದೆ ಡವಡವ. ಇವುಗಳಲ್ಲಿ ಉಪ್ಪಿನ ಕೈವಾಡ ಇದ್ದೇ ಇದೆ. ನೀರಿಗೆ ಬೆರೆಸಿ ಕುಡಿಯುವ, ತಯಾರಾದ ಎಲೆಕ್ಟ್ರೋಲೈಟ್ (ಲವಣಗಳ) ಪುಡಿ ತರಿಸಿದೆ. ಡಬ್ಬದ ಮುಂದೆ "ಸೊನ್ನೆ ಸಕ್ಕರೆ". ಹಿಂದೆ, ಭೂತಗನ್ನಡಿ ಬೇಕಾಗುವ ಅಕ್ಷರದಲ್ಲಿ, ಮೊದಲನೇ ಪದಾರ್ಥವೇ ಮಾಲ್ಟೋಡೆಕ್ಸ್‌ಟ್ರಿನ್, ಪಿಷ್ಟದಿಂದ ಮಾಡಿದ ಪುಡಿ! ಕಾನೂನಿನ ಕಣ್ಣಿಗೆ ಅದು ಸಕ್ಕರೆ ಅಲ್ಲದಿರಬಹುದು, ಕರುಳಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸೆನ್ಸಾರ್ ಗೆರೆ ಚಂಗನೆ ಎದ್ದು ಸಾಕ್ಷಿ ಹೇಳಿತು. ತರಿಸಿದ ಮೆಗ್ನೀಸಿಯಂ ಮಾತ್ರೆಯದೂ ಅದೇ ಹಾಡು. ಮುಂದೆ ದಪ್ಪಕ್ಷರದಲ್ಲಿ ಗ್ಲೈಸಿನೇಟ್, ಹಿಂದೆ ಸಣ್ಣಕ್ಷರದಲ್ಲಿ ಆಕ್ಸೈಡ್ ಬೆರಕೆ. ಖಾಲಿ ಹೊಟ್ಟೆಗೆ ಮೆಗ್ನೀಸಿಯಂ ಆಕ್ಸೈಡ್ ಹಾಕಿದರೆ ನಿದ್ದೆಯ ಚಿಂತೆ ಇರುವುದಿಲ್ಲ, ಭೇದಿಯಾಗಿ ರಾತ್ರಿಯೆಲ್ಲ ಬೇರೆ ಕೋಣೆಯಲ್ಲೇ ಕಳೆಯಬಹುದು. ಈ ಮಾರಾಟಗಾರರಿಗೆಲ್ಲ ತಮ್ಮ ಸರಕನ್ನೇ ಒಂದು ಸೊನ್ನೆ ದಿನ ಕುಡಿಸಬೇಕು.

ಕೊನೆಗೆ ಅಡುಗೆಮನೆಯ ಉಪ್ಪೇ ಗತಿ. ಒಂದು ಟೀ ಚಮಚ ಉಪ್ಪಿನಲ್ಲಿ ಸುಮಾರು 2300 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಅರ್ಧ ಚಮಚ ದಿನಕ್ಕೆ ನನಗೆ ಸಾಕು. ಒಟ್ಟಿಗೇ ಗಟಗಟ ಕುಡಿದರೆ ಏನಾಗುತ್ತದೆ ಅಂತ ಈ ದಾರಿಯಲ್ಲಿ ನಡೆದವರಿಗೆಲ್ಲ ಗೊತ್ತು, ಇಲ್ಲಿ ಬರೆಯುವುದು ಬೇಡ. ಒಂದು ಲೀಟರಿಗೆ ಹಾಕಿ ಬೆಳಗ್ಗಿನಿಂದ ನಾಲ್ಕು ಗಂಟೆಯವರೆಗೆ ಗುಟುಕು ಗುಟುಕಾಗಿ ಮುಗಿಸಿದರೆ ಕಣ್ಣುಕತ್ತಲೆಯೂ ಇಲ್ಲ, ಸಂಜೆಯ ತಲೆನೋವೂ ಇಲ್ಲ. ಸಂಜೆ ಆರರ ಮೇಲೆ ನೀರು ಬಾಯಾರಿದರೆ ಮಾತ್ರ. ಕಾಫಿ ಮಧ್ಯಾಹ್ನದೊಳಗೆ ಬಂದ್. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಹಸಿವು ಸಾಯಲಿ ಅಂತ ಸಂಜೆ ಕುಡಿದ ಲೋಟ ನಡುರಾತ್ರಿ ಬಾಡಿಗೆ ಕೇಳಲು ಬರುತ್ತದೆ. ಇಷ್ಟಾದ ಮೇಲೆ ಎದೆಬಡಿತ ತಗ್ಗಿತು, ನಡುವೆ ಏಳುವುದೂ ತಪ್ಪಿತು. ಆದರೆ ಮಲಗಿದ ಕೂಡಲೇ ನಿದ್ದೆ? ಊಹೂಂ. ಎರಡು ಗಂಟೆಯವರೆಗೆ ಫ್ಯಾನ್ ಎಣಿಸುವುದು ಹಾಗೇ ಉಳಿಯಿತು.

ಆ ಎಚ್ಚರದ ಗಂಟೆಗಳಲ್ಲೇ ಮುಂದಿನ ಯೋಜನೆ ಹುಟ್ಟಿದ್ದು: ಕೀಟೋನ್‌ಗಳನ್ನು ಉಸಿರಿನಲ್ಲಿ ಅಳೆಯುವುದು. ಮೂತ್ರದ ಕೀಟೋನ್ ಪಟ್ಟಿಗಳ ಸಹವಾಸ ಸಾಕಾಗಿದೆ. ಅದರಲ್ಲಿರುವ ನೈಟ್ರೋಪ್ರಸೈಡ್ ಅನ್ನೋ ರಾಸಾಯನಿಕ ಹಿಡಿಯುವುದು ಅಸಿಟೋಅಸಿಟೇಟ್ ಅನ್ನೋ ಕೀಟೋನನ್ನು, ರಕ್ತದಲ್ಲಿ ಜಾಸ್ತಿ ಓಡಾಡುವ ಇನ್ನೊಂದು ಕೀಟೋನ್ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಅದರ ಕಣ್ಣಿಗೇ ಬೀಳುವುದಿಲ್ಲ. ಮೇಲಾಗಿ ಡಬ್ಬಿಯ ಮುಚ್ಚಳ ಸರಿಯಾಗಿ ಕೂರದೆ ತೇವ ಹಿಡಿದರೆ ಪಟ್ಟಿ ಸತ್ತಂತೆಯೇ. ರಕ್ತದ ಮೀಟರ್ ಒಳ್ಳೆಯದು, ಬೆರಳು ಮಾತ್ರ ಜರಡಿ. ಉಳಿದದ್ದು ಉಸಿರು. ಮೂರನೇ ಕೀಟೋನ್ ಆದ ಅಸಿಟೋನ್ ಉಸಿರಿನಲ್ಲಿ ಹೊರಬರುತ್ತದೆ, ಅದನ್ನು ಮೂಸುವ ಎಂಕ್ಯೂ-138 ಸೆನ್ಸಾರ್ ಇದೆ. ಅದಕ್ಕೊಂದು ಆರ್ಡುಯಿನೊ (ಅಂಕಿ ಓದುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್), ಊದಲು ಸಣ್ಣ ಕೊಳವೆ, ತೇವ ಹೀರಲು ಸಿಲಿಕಾ ಜೆಲ್. ತೊಂದರೆ ಏನೆಂದರೆ ಈ ಜಾತಿಯ ಸೆನ್ಸಾರ್‌ಗಳಿಗೆ ಅಸಿಟೋನೂ ಒಂದೇ, ಆಲ್ಕೋಹಾಲೂ ಒಂದೇ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಊದಿದರೂ ಸಾಕು, ಕೀಟೋನ್ ಕುಬೇರ ಅಂತ ತೋರಿಸುತ್ತದೆ. ರಕ್ತದ ಮೀಟರಿನ ಪಕ್ಕದಲ್ಲಿಟ್ಟು ಗಂಟೆಗೊಮ್ಮೆ ಎರಡನ್ನೂ ಬರೆದಿಟ್ಟು ಗೆರೆ ಎಳೆಯುವುದು ಯೋಚನೆ.

ಆಟೋಫೇಜಿ, ಅಂದರೆ ಜೀವಕೋಶ ತನ್ನೊಳಗಿನ ಹಳೇ ಭಾಗಗಳನ್ನು ತಾನೇ ಕರಗಿಸಿಕೊಳ್ಳುವುದು, ಅದನ್ನು ಅಳೆಯುವ ಯಂತ್ರ ಯಾವಾಗ ಅಂತ ಕೇಳುವವರು ಇದ್ದೀರಿ. ಇಲ್ಲ ಸ್ವಾಮಿ. ಜಪಾನಿನ ವಿಜ್ಞಾನಿ ಯೋಶಿನೋರಿ ಓಸುಮಿ ಅವರಿಗೆ 2016ರ ನೊಬೆಲ್ ತಂದ ಆಟೋಫೇಜಿಯ ಕೆಲಸ ಶುರುವಾದದ್ದು ಯೀಸ್ಟ್ ಕಣಗಳಲ್ಲಿ. "ಇಂತಿಷ್ಟನೇ ಗಂಟೆಗೆ ಆಟೋಫೇಜಿ ಶುರು" ಅಂತ ಬಣ್ಣಬಣ್ಣದ ಪಟ್ಟಿ ಓಡಾಡುತ್ತದಲ್ಲ, ಅದನ್ನು ನಮ್ಮ ದೇಹ ಓದಿರುವುದಿಲ್ಲ.

ಸರಿ, ನಿದ್ದೆಗೆ ಬರೋಣ. ಸುಳಿವು ಸಿಕ್ಕಿದ್ದು ಕಾಲಿನಲ್ಲಿ. ಸೊನ್ನೆ ದಿನದ ಸಂಜೆ ಪಾದ ಮಂಜುಗಡ್ಡೆ. ಹೊದಿಕೆಯೊಳಗೆ ಒಂದು ಪಾದ ಇನ್ನೊಂದು ಕಾಲಿಗೆ ತಾಗಿದರೆ ನನಗೇ ಬೆಚ್ಚಿಬೀಳುವಂತಾಗುತ್ತಿತ್ತು. ಬೆನ್ನು, ಎದೆ ಮಾತ್ರ ಬಿಸಿ. ಇದನ್ನು "ಉಪವಾಸದಲ್ಲಿ ಚಳಿ ಮಾಮೂಲು" ಅಂತ ಎಲ್ಲರೂ ಪಕ್ಕಕ್ಕಿಡುತ್ತಾರೆ. ಆದರೆ ಯೋಚಿಸಿ ನೋಡಿ. ಉಪವಾಸದ ಮೊದಲ ದಿನಗಳಲ್ಲಿ ದೇಹ ಮಂಕಾಗುವುದಿಲ್ಲ. ನಾಲ್ಕು ದಿನ ಉಪವಾಸ ಮಾಡಿದ ತೆಳ್ಳಗಿನ ಆರೋಗ್ಯವಂತರ ಮೇಲೆ ವಿಯೆನ್ನಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೇಹವನ್ನು ಚುರುಕಾಗಿಡುವ ಹಾರ್ಮೋನು ನಾರ್‌ಅಡ್ರಿನಲಿನ್ ಏರಿತ್ತು, ಸುಮ್ಮನೆ ಮಲಗಿದ್ದಾಗ ಖರ್ಚಾಗುವ ಶಕ್ತಿಯೂ ಏರಿತ್ತು. ಕಪಾಟು ಜೋಡಿಸುವ ಹುರುಪಿನ ಮೂಲ ಅದೇ ಇರಬೇಕು. ಅದೇ ನಾರ್‌ಅಡ್ರಿನಲಿನ್ ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ನಿದ್ದೆ ಬರಬೇಕಾದರೆ ಒಡಲಿನ ಬಿಸಿ ಸ್ವಲ್ಪ ಇಳಿಯಬೇಕು, ಆ ಬಿಸಿ ಹೊರಹೋಗುವ ಮುಖ್ಯ ಬಾಗಿಲು ಅಂಗೈ ಮತ್ತು ಅಂಗಾಲು. ಬಾಗಿಲು ಮುಚ್ಚಿದ್ದರೆ ನಿದ್ದೆ ಎಲ್ಲಿಂದ ಬರಬೇಕು? ಬೆಚ್ಚಗಿನ ಪಾದ ಇದ್ದವರಿಗೆ ಬೇಗ ನಿದ್ದೆ ಹತ್ತುತ್ತದೆ ಅಂತ ಸ್ವಿಸ್ ಸಂಶೋಧಕರು 1999ರಲ್ಲೇ ನೇಚರ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಅವರು ಉಪವಾಸದವರನ್ನು ನೋಡಿದ್ದಲ್ಲ, ಎರಡನ್ನೂ ಗಂಟು ಹಾಕಿದ್ದು ನಾನು.

ಮಲಗುವ ಮುಕ್ಕಾಲು ಗಂಟೆ ಮುಂಚೆ ಬಕೆಟ್‌ನಲ್ಲಿ ಬಿಸಿನೀರು, ಮೀನಖಂಡ ಮುಳುಗುವಷ್ಟು. ಹದಿನೈದು ನಿಮಿಷಕ್ಕೆ ಪಾದ ಕೆಂಪಾಗಿ ಉಬ್ಬಿದ ನರಗಳು ಕಾಣುತ್ತವೆ. ಒರೆಸಿ, ದಪ್ಪ ಸಾಕ್ಸ್ ಹಾಕಿ, ಮೈಮೇಲೆ ಮಾತ್ರ ತೆಳ್ಳಗಿನ ಹೊದಿಕೆ. ಈ ಕೊನೆಯದು ಮುಖ್ಯ. ಚಳಿ ಅಂತ ಕಂಬಳಿ ಹೇರಿಕೊಂಡರೆ ಒಡಲ ಬಿಸಿ ಒಳಗೇ ಉಳಿದು ಮತ್ತೆ ಫ್ಯಾನ್ ಎಣಿಕೆ. ಮೊದಲ ರಾತ್ರಿ ಆಕಳಿಕೆ ಬಂದಾಗ ನಂಬಿಕೆಯೇ ಬರಲಿಲ್ಲ. ಸೊನ್ನೆ ದಿನದ ರಾತ್ರಿ ಆಕಳಿಕೆ! ಖಾತ್ರಿಯಾಗಲಿ ಅಂತ ಒಂದು ವಾರ ಸಾಕ್ಸ್, ಬಕೆಟ್ ಎರಡನ್ನೂ ಬಿಟ್ಟೆ. ಹಳೇ ಎಚ್ಚರ ಹಾಜರ್. ಮತ್ತೆ ಹಾಕಿದೆ, ನಿದ್ದೆ. ಪುಡಿ, ಮಾತ್ರೆ, ಸೆನ್ಸಾರ್ ಅಂತ ಅಷ್ಟೆಲ್ಲ ತರಿಸಿ, ಕೊನೆಗೆ ಗೆದ್ದದ್ದು ಹಿಮ್ಮಡಿ ಸವೆದ ಉಣ್ಣೆಯ ಸಾಕ್ಸ್.

ಬೆಳಗಿನ ಜಾವ ನಾಲ್ಕೂವರೆಗೆ ತಾನಾಗಿ ಕಣ್ಣು ಬಿಡುವುದು ಇನ್ನೂ ಇದೆ. ಏಳಲು ದೇಹವನ್ನು ಸಜ್ಜು ಮಾಡುವ ಹಾರ್ಮೋನು ಕಾರ್ಟಿಸಾಲ್ ಏರುವ ಹೊತ್ತು ಅದು, ಸಕ್ಕರೆಯ ಗೆರೆಯೂ ಆಗ ಸ್ವಲ್ಪ ತಲೆ ಎತ್ತುತ್ತದೆ. ತಿಂಡಿಗೆ ಇನ್ನೆರಡು ಗಂಟೆ ಅನ್ನೋ ಖುಷಿಯಲ್ಲಿ ಎದ್ದುಬಿಡುತ್ತೇನೆ, ಅದರ ಜೊತೆ ಜಗಳ ಇಲ್ಲ.

ಹೊಸಬರು ಯಾರಾದರೂ ಓದುತ್ತಿದ್ದರೆ: ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತಗೊಳ್ಳುವವರಿಗೆ 68 ಬೇರೆಯೇ ಕತೆ, ಅಲ್ಲಿ ಅದು ಅಪಾಯದ ಅಂಕಿ. ಮಧುಮೇಹಕ್ಕೆ ಕೊಡುವ ಎಸ್‌ಜಿಎಲ್‌ಟಿ-2 ಜಾತಿಯ ಮಾತ್ರೆ ಇದ್ದರೆ ಸಕ್ಕರೆ ಸರಿ ಇದ್ದಾಗಲೂ ಕೀಟೋಅಸಿಡೋಸಿಸ್ (ಕೀಟೋನ್ ಅತಿಯಾಗಿ ರಕ್ತ ಆಮ್ಲೀಯವಾಗುವ ಅಪಾಯ) ಆಗಬಹುದು. ಬಿಪಿ ಮಾತ್ರೆ ಅಥವಾ ಮೂತ್ರಪಿಂಡದ ತೊಂದರೆ ಇರುವವರು ನನ್ನ ಉಪ್ಪಿನ ಲೆಕ್ಕ ಮುಟ್ಟಬೇಡಿ. ಗೌಟ್ (ಯೂರಿಕ್ ಆಮ್ಲದಿಂದ ಬರುವ ಕೀಲುನೋವು) ಇದ್ದವರಿಗೆ ಉಪವಾಸದಲ್ಲಿ ಯೂರಿಕ್ ಆಮ್ಲ ಏರುತ್ತದೆ. ಗರ್ಭಿಣಿಯರು, ಹಾಲೂಡಿಸುವವರು, ಬೆಳೆಯುವ ವಯಸ್ಸಿನವರು, ಊಟದ ಜೊತೆ ಹಿಂದೆ ಕಷ್ಟಪಟ್ಟವರು ಈ ಆಟಕ್ಕೆ ಬರುವುದೇ ಬೇಡ. ವೈದ್ಯರನ್ನು ಕೇಳದೆ ಯಾರೂ ಮಾತ್ರೆ ಹೆಚ್ಚುಕಡಿಮೆ ಮಾಡಬೇಡಿ.

ಉಸಿರಿನ ಯಂತ್ರದ ಪಾರ್ಸೆಲ್ ನಿನ್ನೆ ಬಂತು. ಬಿಲ್ಲಿನಲ್ಲಿ ಎಂಕ್ಯೂ-138, ಒಳಗೆ ಎಂಕ್ಯೂ-3. ಕುಡಿದವರನ್ನು ಹಿಡಿಯುವ ಸೆನ್ಸಾರ್! ವಾಪಸ್ ಕಳಿಸೋಣ ಅಂದುಕೊಂಡೆ, ಆಮೇಲೆ ಹೇಗೂ ಬಂದಿದೆ ಅಂತ ಐದು ವೋಲ್ಟ್ ಕೊಟ್ಟು ಮೇಜಿನ ಮೇಲೆ ಕಾಯಲು ಇಟ್ಟಿದ್ದೇನೆ. ಮೊದಲ ಸಲ 24 ಗಂಟೆಗೂ ಜಾಸ್ತಿ ಕಾಯಿಸಬೇಕಂತೆ. ಪರವಾಗಿಲ್ಲ, ನಾಳೆ ನನಗೂ ಸೊನ್ನೆ ದಿನ.