ಕೊಸರಿನ ಗುಬ್ಬಿ

'ಚಿಲ್ರೆ ಮಾಸ್ತರು ಹೋದರು.' ಗೆಳೆಯ ವಾಟ್ಸಾಪಿನಲ್ಲಿ ಇಷ್ಟೇ ಬರೆದಿದ್ದ. ಹೆಸರು ಬೇಕಾಗಲಿಲ್ಲ. ಆ ಕಾಲದಲ್ಲಿ ಬೆಳಗಾವಿ ಕ್ಯಾಂಪಿನ ನಮ್ಮ ಶಾಲೆಯಲ್ಲಿ ಓದಿದವರಿಗೆಲ್ಲ ಆ ಅಡ್ಡಹೆಸರು ಗೊತ್ತು. ಲೆಕ್ಕದಲ್ಲಿ ಐದು ಪೈಸೆ ತಪ್ಪಿದರೂ ನಮ್ಮ ಗಣಿತದ ಮಾಸ್ತರು ಬಿಡುತ್ತಿರಲಿಲ್ಲ. ಚಾಕ್‌ಪೀಸಿನ ಚೂರುಗಳನ್ನೂ ಆರಿಸಿ ಒಂದು ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು. ನಮಗೆ ಅದೇ ದೊಡ್ಡ ನಗೆ.

1979ರ ಮಳೆಗಾಲ. ನಾನು ಒಂಬತ್ತನೇ ಇಯತ್ತೆ. ಹೆಂಚಿನ ಕೆಳಗಿನ ಗೂಡಿನಿಂದ ಗುಬ್ಬಿ ಮರಿಯೊಂದು ಬಿದ್ದಿತ್ತು. ನಾವು ಮೂವರು ಅದನ್ನು ಹಿಡಿದು ಆ ಡಬ್ಬಿಯೊಳಗೆ ಇಟ್ಟೆವು. ಮಾಸ್ತರು ಬೆಚ್ಚಿಬೀಳಲಿ ಅಂತ. ಅವರು ಮುಚ್ಚಳ ತೆಗೆದರು, ನೋಡಿದರು, ಬೆಚ್ಚಲಿಲ್ಲ. ಬೈಯಲೂ ಇಲ್ಲ. ಸಿಪಾಯಿಗೆ ಹೇಳಿ ಏಣಿ ತರಿಸಿದರು. ನನ್ನ ಕಡೆ ನೋಡಿ, "ಹತ್ತು" ಅಂದರು. ನನ್ನ ಮುಖದಲ್ಲೇ ಎಲ್ಲ ಬರೆದಿತ್ತೋ ಏನೋ.

ಮರಿಯನ್ನು ಗೂಡಿಗೆ ಬಿಟ್ಟು ಇಳಿದೆ.

"ಎಷ್ಟು ಮರಿ ಅದಾವು?"

"ಎರಡೋ ಮೂರೋ ಇರಬೇಕ್ರಿ ಸರ್."

"ಎರಡೋ ಮೂರೋ ಅಂದ್ರ ಉತ್ತರ ಅಲ್ಲ. ಮತ್ತ ಹತ್ತು. ಎಣಿಸಿ ಬಾ."

ಇಡೀ ಕ್ಲಾಸು ನಗುತ್ತಿತ್ತು. ನಾಲ್ಕಿದ್ದವು.

ಮರುದಿನ ಬೋರ್ಡಿನ ಮೇಲೆ ಒಂದು ಲೆಕ್ಕ. ಕಾಸಿಗೆ ಎರಡು ಗುಬ್ಬಿಯಾದರೆ ಎರಡು ಕಾಸಿಗೆ ಎಷ್ಟು? ನಾಲ್ಕು ಎಂದು ಕೂಗಿದೆವು. ಅವರು ಐದು ಎಂದು ಬರೆದರು. ಯೇಸುಸ್ವಾಮಿಯ ಕಾಲದ ಬಜಾರಿನ ರೇಟಂತೆ ಅದು. ಮತ್ತಾಯನ ಸುವಾರ್ತೆಯಲ್ಲಿ ಕಾಸಿಗೆ ಎರಡು, ಲೂಕನಲ್ಲಿ ಎರಡು ಕಾಸಿಗೆ ಐದು. "ಐದನೇದು ಎಲ್ಲಿಂದ ಬಂತು?" ಯಾರೂ ಬಾಯಿ ಬಿಡಲಿಲ್ಲ. ಅವ್ವನ ಜೊತೆ ಕಾಯಿಪಲ್ಲೆ ತರಲು ಹೋಗುತ್ತಿದ್ದ ನನಗೊಬ್ಬನಿಗೇ ಹೊಳೆಯಿತು. "ಕೊಸರು ಸರ್!"

ಅವರ ಮುಖ ಅರಳಿತು. "ಹೌದು, ಕೊಸರು. ಅದಕ್ಕ ಬೆಲೀನ ಇಲ್ಲ. ಆದರ ಒಂದನ್ನೂ ದೇವರು ಮರೆಯೋದಿಲ್ಲ ಅಂತ ಯೇಸು ಹೇಳಿದ್ದು ಅದನ್ನೂ ಹಿಡಿದು."

ಹಣೆಗೆ ವಿಭೂತಿ ಹಚ್ಚಿಕೊಂಡು ಶಾಲೆಗೆ ಹೋಗುತ್ತಿದ್ದವನು ನಾನು. ನಮ್ಮ ಮನೆಯಲ್ಲಿ ಬೈಬಲ್ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ನಾನೇ ತಂದು ಓದಿದೆ. ಐದು ರೊಟ್ಟಿ, ಎರಡು ಮೀನಿನಲ್ಲಿ ಐದು ಸಾವಿರ ಜನಕ್ಕೆ ಊಟವಾಗುತ್ತದೆ. ಆಮೇಲೆ ಯೇಸು ಶಿಷ್ಯರಿಗೆ ಹೇಳುವುದೇನು? ಉಳಿದ ತುಂಡುಗಳನ್ನು ಆರಿಸಿರಿ, ಏನೂ ಹಾಳಾಗಬಾರದು ಅಂತ. ಹನ್ನೆರಡು ಬುಟ್ಟಿ ತುಂಬಿತಂತೆ. ಅಂಥ ಪವಾಡ ಮಾಡಿದವರಿಗೆ ತುಂಡಿನ ಚಿಂತೆ ಯಾಕೆ ಅಲ್ವಾ? ನನಗೆ ತಗಡಿನ ಡಬ್ಬಿ ನೆನಪಾಯಿತು.

ಉಳಿದ ಗಣಿತ ಮರೆತಿದ್ದೇನೆ. ಈಗ ಮೊಮ್ಮಗ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಸುಮ್ನೆ ಗೋಲಿ ತುಂಬಿಸುತ್ತಾನೆ. ಲೆಕ್ಕ ಹೇಗೆ ಮಾಡಿದೆ ಎಂದು ಕೇಳುವವರಿಲ್ಲ. ನಮ್ಮ ಮಾಸ್ತರು ಉತ್ತರ ತಪ್ಪಿದರೂ ಒಂದೊಂದು ಸಾಲಿಗೆ ಅರ್ಧ ಅಂಕ ಕೊಡುತ್ತಿದ್ದರು. ನಾನು ಪಾಸಾಗಿದ್ದೇ ಆ ಅರ್ಧರ್ಧದಿಂದ.

ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿದೆ. ನಾನು ಕೌಂಟರಿನಲ್ಲಿ ಕುಳಿತ ಒಂದು ದಿನವೂ ಕ್ಯಾಶ್ ಟ್ಯಾಲಿ ತಪ್ಪಲಿಲ್ಲ. ಕಳೆದ ತಿಂಗಳು ಮಾಸ್ತರರ ನೆನಪಿಗೆ ನಾವೆಲ್ಲ ಶಾಲೆಯಲ್ಲಿ ಸೇರಿದಾಗಲೂ ಇದನ್ನೇ ಮೈಕಿನಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು. ಆಮೇಲೆ ಊಟಕ್ಕೆ ಕುಳಿತರೆ ಮೂರು ಜನಕ್ಕೆ ಕುಂದಾ ಸಾಲಲಿಲ್ಲ. ಬಂದವರು ನಲವತ್ಮೂರು. 'ಸುಮಾರು ನಲವತ್ತು' ಎಂದು ಅಡುಗೆಯವನಿಗೆ ಹೇಳಿದ್ದವನು ನಾನೇ.